ನಮ್ಮ ಮನೆಯಲ್ಲಿ ಕೋಸು ನಿಷೇಧ

ನಮ್ಮ ಮನೆಯಲ್ಲಿ ಈಗ ಕೋಸು ನಿಷೇಧ. ಎಲೆಕೋಸು, ಹೂಕೋಸು, ನವಿಲುಕೋಸು, ಯಾವುದೂ ಹೊಸಿಲು ದಾಟುವಂತಿಲ್ಲ. ಕಾರಣ, ನನ್ನ ಗಂಡ ಸತೀಶನ ಸ್ಕ್ಯಾನಿಂಗ್.

ಮಗು ಬೇಕು ಅಂತ ನಾನು ಸುತ್ತದ ಅಶ್ವತ್ಥಕಟ್ಟೆ ಬನಶಂಕರಿಯಿಂದ ಹನುಮಂತನಗರದವರೆಗೆ ಒಂದೂ ಉಳಿದಿಲ್ಲ. ಒದ್ದೆ ಸೀರೆ, ಖಾಲಿ ಹೊಟ್ಟೆ. ಟೆಸ್ಟುಗಳೂ ನನಗೇ, ಬಿಟ್ಟಿ ಸಲಹೆಯೂ ನನಗೇ. (ಯಡಿಯೂರು ಕೆರೆಯ ವಾಕಿಂಗ್ ಆಂಟಿಯರಿಗೆ ನನ್ನ ಗರ್ಭಕೋಶದ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತು.) ಸತೀಶನನ್ನು ಯಾರಾದರೂ ಕೇಳಿದರಾ? ದಪ್ಪ ಮೀಸೆ ಇದೆ, ದೊಡ್ಡ ಬೈಕ್ ಇದೆ. ಇನ್ನೇನು ಕೇಳುವುದು?

ಕೇಳಿದ್ದು ಜಯನಗರದ ಹೊಸ ಡಾಕ್ಟರಮ್ಮ. ನನ್ನ ಫೈಲು ಮುಚ್ಚಿಟ್ಟು, "ನಿಮ್ಮ ಟೆಸ್ಟ್ ಎಲ್ಲಿ ಸಾರ್?" ಅಂದರು. ಟೆಸ್ಟೂ ಆಯಿತು, ಸ್ಕ್ಯಾನೂ ಆಯಿತು. ವೆರಿಕೋಸೀಲ್ ಅಂತೆ. ಕೆಲವರಿಗೆ ಕಾಲಿನ ನರ ಉಬ್ಬುತ್ತದಲ್ಲ, ಹಾಗೆ ವೃಷಣದ ಮೇಲಿನ ರಕ್ತನಾಳಗಳು ಉಬ್ಬುತ್ತವೆ. ಅಲ್ಲಿ ಶಾಖ ಹೆಚ್ಚಾಗಿ ವೀರ್ಯಾಣುಗಳು ಸೊರಗುತ್ತವೆ. ಬಹಳ ಗಂಡಸರಿಗೆ ಇರುತ್ತದೆ, ಎಲ್ಲರಿಗೂ ತೊಂದರೆ ಕೊಡುವುದಿಲ್ಲ, ನಿಮಗೆ ಸಣ್ಣ ಆಪರೇಷನ್ ಮಾಡಿ ನೋಡೋಣ ಎಂದು ಧೈರ್ಯ ಹೇಳಿ ಕಳಿಸಿದರು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾದಿದ್ದರು. ಸತೀಶ ಶೂ ಬಿಚ್ಚುತ್ತಾ, ತಲೆ ಎತ್ತದೆ, ಗಂಟಲಲ್ಲೇ ಗೊಣಗಿದ. ವೆರಿಕೋಸೀಲ್.

ಅತ್ತೆಯ ಕಿವಿಗೆ ಬಿದ್ದದ್ದು, ಬರೀ ಕೋಸು.

"ನಾನ್ ಹೇಳ್ಲಿಲ್ವಾ?" ಎಂದು ನನ್ನ ಕಡೆ ತಿರುಗಿದರು. "ದಿನಾ ಬರೀ ಕೋಸು ಬೇಯ್ಸಿ ಹಾಕಿದ್ರೆ ನನ್ ಮಗಂಗೆ ಶಕ್ತಿ ಎಲ್ಲಿಂದ ಬರ್ಬೇಕು?"

ನೋಡಿದಿರಾ? ಉಬ್ಬಿದ್ದು ಅವನ ನರ, ತಪ್ಪು ನನ್ನ ಪಲ್ಯದ್ದು! ಮಹಾರಾಯ ತಿದ್ದಬೇಕೋ ಬೇಡವೋ? ಬೆಂಡೆಕಾಯಿ ಹುಳಿ ಉಂಡುಕೊಂಡು ಹಾಯಾಗಿದ್ದ. ನನಗೆ ಮೊದಲು ನಗು ಬಂತು. ಆಮೇಲೆ ಬಚ್ಚಲುಮನೆಗೆ ಹೋಗಿ ಅತ್ತೆ.. ಅಲ್ಲ, ಅತ್ತೆಯಲ್ಲ, ನಾನೇ ಅತ್ತೆ. (ಕನ್ನಡದಲ್ಲಿ ಅಳುವುದಕ್ಕೂ ಅತ್ತೆಯೇ ಬೇಕು.)

ಮೊನ್ನೆ ಶುಕ್ರವಾರ ಕುಂಕುಮಕ್ಕೆ ಬಂದ ಪಕ್ಕದ ಮನೆ ಆಂಟಿಗೆ ಅತ್ತೆ ಕೋಸಿನ ಪುರಾಣ ಬಿಚ್ಚಿದರು. ಸೊಸೆಯ ಅಡುಗೆಯಿಂದಲೇ ವಂಶ ನಿಂತುಹೋಗಿದೆಯಂತೆ. ನಾನು ಕಾಫಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು ಸತೀಶನನ್ನೇ ನೋಡಿದೆ. ಅವನು ನಿಧಾನವಾಗಿ ಪೇಪರ್ ಮಡಿಸಿದ.

"ಅಮ್ಮ, ಅದು ಕೋಸಲ್ಲ. ತೊಂದ್ರೆ ನಂದು. ಇವಳದೇನೂ ಇಲ್ಲ."

ಆಂಟಿ ಕಾಫಿಗೂ ಕಾಯದೆ ಹೊರಟರು. ಅತ್ತೆ ಕುಂಕುಮದ ಬಟ್ಟಲು ಒಳಗಿಟ್ಟರು. (ಯಾವುದಕ್ಕೂ ಇರಲಿ ಅಂತ ಕೋಸಿನ ನಿಷೇಧ ಮಾತ್ರ ಮುಂದುವರಿದಿದೆ.)

ಶನಿವಾರ ಬೆಳಗ್ಗೆ, ಕಟ್ಟೆ ಸುತ್ತಲು ನನ್ನನ್ನು ಎಬ್ಬಿಸುವ ಚೊಂಬಿನ ಸದ್ದಿಗೆ, ಅಭ್ಯಾಸಬಲದಿಂದ ಎದ್ದು ಕೂತೆ. ನೀನು ಮಲಗಮ್ಮ ಎಂದ ಅತ್ತೆ, ಮಗನ ಹೊದಿಕೆ ಎಳೆದರು.

"ಏಳೋ. ಸ್ನಾನ ಮಾಡಿ ಅಶ್ವತ್ಥಕಟ್ಟೆ ಸುತ್ಕೊಂಡ್ ಬಾ."

ಒದ್ದೆ ಪಂಚೆಯಲ್ಲಿ ನಡುಗುತ್ತಾ ನಿಂತ ಸತೀಶ, ಗಂಡಸರೂ ಸುತ್ತುತ್ತಾರಾ ಎಂದು ನನ್ನನ್ನು ಕೇಳಿದ.

ಮರ ಯಾವತ್ತಾದರೂ ಬೇಡ ಅಂದಿತ್ತಾ?