ಕಾಮಣಿಯ ಹಳದಿ ನೀರು

ನಾನು ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಿಜ್ಞಾನ ಯಾವ ಸಿದ್ಧಾಂತವನ್ನೂ ಸಾಬೀತು ಮಾಡಿ ಬೀಗ ಜಡಿಯುವುದಿಲ್ಲ, ಎಷ್ಟೋ ಸಲ ಸರಿಬಂದದ್ದೂ ಒಂದು ಸಲ ತಪ್ಪಿದರೆ ಮತ್ತೆ ಯೋಚಿಸಬೇಕು ಎಂದು ಪ್ರತಿ ವರ್ಷ ಒದರುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ.

ಜೇವರ್ಗಿಗೆ ಕೊಟ್ಟಿದ್ದ ಅಕ್ಕನ ಕಣ್ಣು ಕಾಮಾಲೆಯಿಂದ ಹಳದಿಯಾದಾಗ, ಅವಳ ಗಂಡ, ನಮ್ಮ ಮಾಮಾ, ಅವಳನ್ನು ಅಫಜಲಪುರದ ಕಡೆ ಕಾಮಣಿಗೆ ಔಷಧ ಕೊಡುವ ಅಜ್ಜನ ಬಳಿ ಕರೆದೊಯ್ದರು. ಅವ್ವನೂ ನಾನೂ ಹಿಂದೆಯೇ ಓಡಿದೆವು. ಅಜ್ಜ ಅಕ್ಕನ ಕೈಗೆ ಯಾವುದೋ ತೊಗಟೆಯ ಪುಡಿ ತಿಕ್ಕಿ ಸುಣ್ಣದ ನೀರಿನಲ್ಲಿ ತೊಳೆದ. ಬೋಗುಣಿ ತುಂಬ ಹಳದಿ.

"ನೋಡ್ರಿ, ಕಾಮಣಿ ಹ್ಯಾಂಗ ಇಳ್ಯಾಕತ್ತದ!"

ಕೂತವರೆಲ್ಲ ಕೈಮುಗಿದರು. ನನ್ನ ಪಿತ್ತ ನೆತ್ತಿಗೇರಿತು. "ಹಂಗಾದ್ರ ನನ್ನ ಕೈನೂ ತೊಳೀರಿ" ಎಂದು ಅಂಗಿಯ ತೋಳು ಮಡಚಿ ಕೂತೆ. ಯಾವ ರೋಗವೂ ಇಲ್ಲದೆ ಕಲ್ಲಿನಂತಿದ್ದೆ ನಾನು, ಆದರೂ ಅಷ್ಟೇ ಹಳದಿ ಇಳಿಯಿತು. ಬಣ್ಣ ಪುಡಿ ಮತ್ತು ಸುಣ್ಣದ್ದು, ರೋಗದ್ದಲ್ಲ. ಗೆದ್ದೆ ಅಂದುಕೊಂಡೆ.

ಅಜ್ಜ ನನ್ನ ರೆಪ್ಪೆ ಎಳೆದು ನೋಡಿದ. "ಸರ, ನಿಮಗೂ ಒಳಗ ಸೇರ್ಯಾದ್ರಿ. ಎಣ್ಣಿ, ಉಪ್ಪು ಬಿಡ್ರಿ."

"ಅಯ್ಯೋ ನನ ಕಂದಾ, ನಿನಗೂ ಬಂತೇನೋ!" ಎಂದು ಅವ್ವ ಎದೆ ಬಡಿದುಕೊಂಡಳು. ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು. "ಬಾರೋ ಮಾಸ್ತರ, ಇಬ್ಬರೂ ಕೂಡಿ ಸಪ್ಪನ ಗಂಜಿ ಕುಡಿಯೂಣು."

ಮಾಮಾನನ್ನು ಹೊರಗೆ ಕರೆದೆ. "ಇಲ್ಲಿ ಆರಾಮ ಆದವರು ಔಷಧ ಇಲ್ಲದಿದ್ರೂ ಆಗ್ತಿದ್ರು. ಎಲ್ಲಾ ಕಾಮಣಿನೂ ಒಂದೇ ಅಲ್ರಿ. ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸೂಣು."

"ಇಲ್ಲಿ ಆಕಿಗಿ ಆರಾಮ ಆಗೂದಿಲ್ಲಂತ ಸಾಬೀತ ಮಾಡು. ಈಗಿಂದೀಗ ಹೋಗೂಣು."

ಆಣೆ ಇಟ್ಟು ಹೇಳಲು ನನ್ನ ಬಳಿ ಏನಿತ್ತು? "ಬಹುತೇಕ ಆಗೂದಿಲ್ರಿ" ಎಂದೆ. ಅಂಥ ಮಾತು ಕೇಳಿ ಯಾರು ಬಸ್ಸು ಹತ್ತುತ್ತಾರೆ? ಮಾಮಾ ಒಳಗೆ ಹೋದರು. ನಾನು ಬೇವಿನ ಮರದ ಕೆಳಗೆ ನಿಂತು ಅತ್ತೆ.

ಹಳದಿ ಇಳಿಯದೆ ಕಡೆಗೆ ಕಲಬುರಗಿಗೆ ಒಯ್ದಾಗ ಪಿತ್ತನಾಳದಲ್ಲಿ ಗಡ್ಡೆ ಕೈಮೀರಿ ಬೆಳೆದುಬಿಟ್ಟಿತ್ತು. ಮೊದಲೇ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರರನ್ನು ಒಬ್ಬನೇ ಹೋಗಿ ಕೇಳಿದೆ. "ಉಳೀಬಹುದಿತ್ತು. ಖಾತ್ರಿ ಹೇಳಾಕ ಬರೂದಿಲ್ರಿ" ಎಂದರು.

ಅಕ್ಕನನ್ನು ಮಣ್ಣು ಮಾಡಿ ಬಂದ ಸಂಜೆ ಮಾಮಾ ನನ್ನ ಅಂಗಿ ಹಿಡಿದರು. "ನೀ ಹೇಳಿದ ದಿನಾನೇ ಒಯ್ದಿದ್ರ ಉಳೀತಿದ್ಳೇನು? ನಿನ್ನ ವಿಜ್ಞಾನ ಏನಂತದ, ಅದನ್ನ ಹೇಳು."

"ಇಲ್ರಿ ಮಾಮಾ. ಎಲ್ಲಿ ಒಯ್ದಿದ್ರೂ ಉಳೀತಿದ್ದಿಲ್ಲ."

"ಖರೇನು?"

"ಖರೇರಿ. ಸಾಬೀತಾಗ್ಯಾದ."

ಅವರು ಅಂಗಿ ಬಿಟ್ಟು ನನ್ನ ಹೆಗಲ ಮೇಲೆ ಕುಸಿದರು. ಅವತ್ತೊಂದು ದಿನ ನನ್ನ ಮಾತು ನಂಬಿದರು.