ಇವರ ಮಂಡಿ, ನನ್ನ ಮಂಡಿ

ಮಂಡಿನೋವು ನಮ್ಮಿಬ್ಬರಿಗೂ ಹೆಚ್ಚುಕಮ್ಮಿ ಒಟ್ಟಿಗೇ ಬಂತು. ಇವರು ಇಲ್ಲೇ ಗಿಂಡಿ ಬಡಾವಣೆಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ, ಸಂಜೆ ಟಿವಿ ಮುಂದೆ ಕೂತು ಒಬ್ಬರ ಮಂಡಿಗೆ ಒಬ್ಬರು ಎಣ್ಣೆ ನೀವುವುದೇ ನಮ್ಮ ಸಂಸಾರವಾಗಿತ್ತು. ಪೋರೂರಿನ ಡಾಕ್ಟರು ಇಬ್ಬರ ಎಕ್ಸ್‌ರೇಯನ್ನೂ ಬೆಳಕಿಗೆ ಹಿಡಿದು, ಇಬ್ಬರ ಬಲಮಂಡಿಯೂ ಸವೆದುಹೋಗಿದೆ, ಬದಲಾಯಿಸಿಕೊಳ್ಳುವುದೇ ಮೇಲು ಎಂದರು. "ಆದರೆ ಇಬ್ಬರೂ ಒಟ್ಟಿಗೆ ಬೇಡ. ಒಬ್ಬರನ್ನ ನೋಡಿಕೊಳ್ಳೋಕೆ ಇನ್ನೊಬ್ಬರು ಬೇಕಲ್ಲ" ಎಂದು ನಕ್ಕರು.

"ನೀವೇ ಮೊದಲು ಮಾಡಿಸಿಕೊಳ್ಳಿ" ಎಂದೆ. ಅದರಲ್ಲಿ ತ್ಯಾಗವೇನೂ ಇರಲಿಲ್ಲ. ಅವರಿಗೆ ಹೇಗಾಗುತ್ತದೋ ನೋಡಿಕೊಂಡು ನಾನು ತೀರ್ಮಾನ ಮಾಡೋಣ ಅಂತ.

ಆಪರೇಷನ್ ಚೆನ್ನಾಗಿಯೇ ಆಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಹೊಸ ಮಂಡಿಯನ್ನು ದಿನವೂ ಬಗ್ಗಿಸಬೇಕು, ಬಿಟ್ಟರೆ ಬಿಗಿದುಕೊಳ್ಳುತ್ತದೆ. ವ್ಯಾಯಾಮ ಮಾಡಿಸುವ ಹುಡುಗಿ ಬಂದು ಹೇಳಿಕೊಟ್ಟು ಹೋದಳು. ಮಂಚದ ಅಂಚಿಗೆ ಇವರನ್ನು ಕೂರಿಸಿ, ಎದುರಿಗೆ ಸ್ಟೂಲ್ ಹಾಕಿಕೊಂಡು, ಇವರ ಕಾಲನ್ನು ಹಿಂದಕ್ಕೆ ಒತ್ತುತ್ತಿದ್ದವಳು ನಾನು. "ಸಾಕು ಕಣೇ, ಪ್ರಾಣ ಹೋಗ್ತಿದೆ, ರಾಕ್ಷಸಿ ನೀನು!" ಎಂದು ಕೂಗುತ್ತಿದ್ದರು. ಒಂದು ದಿನ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿ, ಏನಾಯಿತು ಮಾಮಿ ಎಂದು ಕೇಳಿದರು. ನನ್ನ ಕಣ್ಣಲ್ಲೂ ನೀರು. ಆದರೂ ಬಿಡಲಿಲ್ಲ, ಒತ್ತಿದೆ.

ಆ ಮಂಡಿ ಬಗ್ಗಿತು. ಇವರು ಮೊದಲು ವರಾಂಡದಲ್ಲಿ ನಡೆದರು, ಆಮೇಲೆ ಕೆಳಗಿಳಿದು ಬೀದಿಯಲ್ಲಿ, ಆಮೇಲೆ ಕೆರೆಯ ತನಕ. ಅಲ್ಲಿ ವಾಕಿಂಗ್ ಗೆಳೆಯರಾದರು, ಆಮೇಲೆ ಕಾಫಿ, ಆಮೇಲೆ ಹರಟೆ. ಬೆಳಿಗ್ಗೆ ಹೊರಟವರು ಬಿಸಿಲೇರಿದ ಮೇಲೆ ಬರುತ್ತಿದ್ದರು. ನಾನು ಬಾಲ್ಕನಿಯ ಕುರ್ಚಿಯಲ್ಲಿ. ಇವರು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದರೆ ಸಂತೋಷವಾಗಬೇಕಿತ್ತು. ಆ ಸದ್ದೇ ನನಗೆ ಆಗಿಬರುತ್ತಿರಲಿಲ್ಲ. ನಾನು ಬಗ್ಗಿಸಿದ ಮಂಡಿ ಅದು. ಅದು ಕೆರೆ ನೋಡಿಕೊಂಡು ಬರುತ್ತಿತ್ತು, ನಾನು ಬಟ್ಟೆ ಒಣಗುವುದನ್ನು ನೋಡುತ್ತಿದ್ದೆ. ಎಣ್ಣೆಯ ಬಟ್ಟಲು ಈಗ ನನ್ನೊಬ್ಬಳದೇ. ನೋವಿಗಿಂತ ಹೆಚ್ಚಾಗಿ, ನೋವಿನಲ್ಲಿ ಜೊತೆಗಿದ್ದವರು ನನ್ನ ಬಿಟ್ಟು ಹೋದರಲ್ಲ ಎನ್ನುವುದು ಚುಚ್ಚುತ್ತಿತ್ತು.

ನುಂಗಂಬಾಕ್ಕಂನಲ್ಲಿರುವ ಮಗಳು ಭಾನುವಾರ ಬಂದಾಗ ನನ್ನ ಮುಖ ನೋಡಿ, "ಅಮ್ಮಾ, ಉನಕ್ಕು ಅಪ್ಪಾ ಮೇಲೆ ಪೊರಾಮೈ" ಎಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರ ಕೊಡುವುದು ಚಿಕ್ಕಂದಿನಿಂದ ಅಭ್ಯಾಸ. ಪೊರಾಮೈ ಅಂದರೆ ಹೊಟ್ಟೆಕಿಚ್ಚು; ಬಿಡಿಸಿ ಹೇಳಿದರೆ, ತಾಳಲಾರದಿರುವುದು. ನಮ್ಮ ಹೊಟ್ಟೆಕಿಚ್ಚಿಗಿಂತ ಆ ಮಾತೇ ನನಗೆ ಸರಿಯಾಗಿ ಒಪ್ಪುತ್ತಿತ್ತು. ಬೆಂಕಿಯೇನೂ ಇರಲಿಲ್ಲ, ತಾಳೋಕಾಗುತ್ತಿರಲಿಲ್ಲ, ಅಷ್ಟೇ.

ಆ ವರ್ಷ ನಂಟರ ಮನೆಯ ಮದುವೆಯಲ್ಲಿ ಅದು ಹೊರಗೆ ಬಿತ್ತು. ಊಟದ ಹಾಲ್ ಮಹಡಿಯ ಮೇಲೆ, ಲಿಫ್ಟ್ ಕೆಟ್ಟಿತ್ತು. ಇವರು ಹತ್ತಿ ಹೋಗಿ ಉಂಡು ಬಂದರು. ನನಗೆ ಯಾರೋ ತಟ್ಟೆಯಲ್ಲಿ ಊಟ ತಂದು, ಕೆಳಗೆ ಕುರ್ಚಿಯಲ್ಲೇ ಕೊಟ್ಟರು. ಉಂಡು ಬಂದ ಇವರ ಸುತ್ತ ಮಂಡಿನೋವಿನವರದೇ ಗುಂಪು. ಇವರು ಎದೆಯುಬ್ಬಿಸಿಕೊಂಡು ಹೇಳುತ್ತಿದ್ದರು: "ಮನಸ್ಸು ಗಟ್ಟಿ ಇರಬೇಕು ಸ್ವಾಮಿ. ನಾನು ಒಂದು ಸಲವೂ ಅಮ್ಮಾ ಅನ್ನಲಿಲ್ಲ."

"ಇವರ ಕೂಗಿಗೆ ಕೆಳಗಿನ ಮನೆಯವರು ಓಡಿ ಬಂದಿದ್ದರು" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಆ ಮಂಡಿ ಬಗ್ಗಿಸಿದ್ದು ಇವರ ಮನಸ್ಸಲ್ಲ, ನನ್ನ ಕೈ."

ಎಲ್ಲರೂ ನಕ್ಕರು. ಇವರೊಬ್ಬರೇ ನಗಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ಇವರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: "ಅಷ್ಟು ಉರಿಯೋದಾದರೆ ನೀನೂ ಮಾಡಿಸಿಕೊಳ್ಳಬಹುದಲ್ಲ. ಯಾಕೆ ಮುಂದಕ್ಕೆ ಹಾಕ್ತಾ ಇದ್ದೀಯ?"

ಸಕ್ಕರೆ ಕಾಯಿಲೆ ಎಂದೆ. ಅದು ಹತೋಟಿಯಲ್ಲಿದೆ ಎಂದರು. ಮತ್ತೇನು ಹೇಳಲಿ ಎಂದು ಹುಡುಕುತ್ತಿರುವಾಗ ನಿಜ ಬಾಯಿಗೆ ಬಂದುಬಿಟ್ಟಿತು. "ನಿಮಗೆ ನಾನಿದ್ದೆ. ನನಗೆ ಯಾರು ಒತ್ತುತ್ತಾರೆ? ನಿಮ್ಮ ಕೈಲಾಗುತ್ತಾ?"

ನಾನು ಇವರ ಕಾಲಿಗೆ ಹೊಟ್ಟೆಕಿಚ್ಚುಪಟ್ಟಿರಲಿಲ್ಲ, ಇವರಿಗೆ ಸಿಕ್ಕ ಆರೈಕೆಗೆ ಪಟ್ಟಿದ್ದೆ ಎಂದು ಆಗ ನನಗೇ ತಿಳಿಯಿತು. ಇವರು ನನ್ನ ಕಡೆ ತಿರುಗಿ, "ಕೈಲಾಗುತ್ತೆ ಅಂತ ಹೇಳಲಾರೆ. ಆಗದಿದ್ದರೆ ಆಗೋವರನ್ನ ಕರೆಸೋಣ" ಎಂದರು. "ಖಂಡಿತ ಮಾಡ್ತೀನಿ" ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಮಾರನೇ ದಿನವೇ ಆಸ್ಪತ್ರೆಗೆ ಫೋನ್ ಮಾಡಿದೆ.

ನನ್ನ ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ನೋಡಿದರೆ, ಇವರ ಕೈಲಿ ಆಗಲಿಲ್ಲ. ನಾನು ಹಲ್ಲು ಕಚ್ಚಿದರೆ ಸಾಕು, ಕಾಲು ಬಿಟ್ಟುಬಿಡುತ್ತಿದ್ದರು. "ಒತ್ತಿ!" ಎಂದು ಬೈದೆ. ಒತ್ತುವ ಬದಲು ಅತ್ತರು. ಕೊನೆಗೆ ವ್ಯಾಯಾಮದ ಹುಡುಗಿಯೇ ದಿನವೂ ಬರುವ ಹಾಗೆ ಗೊತ್ತುಮಾಡಿದರು. ಅವಳು ನನ್ನ ಕಾಲು ಹಿಡಿದಾಗಲೆಲ್ಲ ಇವರು ಅಡಿಗೆಮನೆಗೆ ಹೋಗಿ, ನನ್ನ ಕೂಗು ಕೇಳದಿರಲೆಂದು ಮಿಕ್ಸಿ ಹಾಕಿಕೊಳ್ಳುತ್ತಿದ್ದರು. ನಾನೂ ಏನೂ ಕಮ್ಮಿ ಕೂಗಲಿಲ್ಲ.

ನನ್ನ ಮಂಡಿ ಇವತ್ತಿಗೂ ಇವರದರಷ್ಟು ಬಗ್ಗುವುದಿಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ಡಾಕ್ಟರು ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ. ಇವರು ಸೋಫಾದಿಂದ ಸರಕ್ಕನೆ ಎದ್ದರೆ ಈಗಲೂ ಒಂದು ಕ್ಷಣ ಚುರ್ ಎನ್ನುತ್ತದೆ. ಆದರೆ ನೋವು ಹೋಗಿದೆ, ನಡೆಯುತ್ತೇನೆ.

ಮೊನ್ನೆ ಮಗಳ ಮನೆಗೆ ಒಬ್ಬಳೇ ಹೊರಟೆ. ಗಿಂಡಿ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತುತ್ತಿದ್ದೆ. ಹಿಂದಿನಿಂದ ನನಗಿಂತ ವಯಸ್ಸಾದ ಹೆಂಗಸೊಬ್ಬರು, ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತು, "ಕೊಂಚಂ ವಳಿ ವಿಡುಂಗಮ್ಮಾ" ಎಂದು ದಾರಿ ಬಿಡಿಸಿಕೊಂಡು ದಡದಡ ಹತ್ತಿ ಹೋಗಿಯೇಬಿಟ್ಟರು. ಯಾವ ಡಾಕ್ಟರೂ ಮುಟ್ಟದ, ಹುಟ್ಟಿದಾಗಿನ ಮಂಡಿಗಳು! ಕಂಬಿ ಹಿಡಿದು ನಿಂತು, ಅವರು ಕಣ್ಮರೆಯಾಗುವ ತನಕ ಮನಸಾರೆ ಹೊಟ್ಟೆಕಿಚ್ಚುಪಟ್ಟೆ. ಆಮೇಲೆ ಹತ್ತಿ, ಇಳಿದು, ರೈಲು ಹಿಡಿದೆ.