ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟ್ರಮ್ಮ

ಡಾಕ್ಟರ್ ಪುಷ್ಪವೇಣಿ ವಾರ್ಡಿನೊಳಗೆ ನೇರವಾಗಿ ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಎರಡು ಕೈಗಳನ್ನೂ ಬಿಳಿ ಕೋಟಿನ ಜೇಬಿಗೆ ಇಳಿಬಿಟ್ಟು, ಹಾಸಿಗೆಗಳ ಮೇಲೆ ನಿಧಾನವಾಗಿ ಕಣ್ಣಾಡಿಸುತ್ತಿದ್ದರು. ಆಗ ಯಾರೂ ಅವರನ್ನು ಮಾತಾಡಿಸಬಾರದು. ಹೊಟ್ಟೆನೋವೆಂದು ಬಂದವರಲ್ಲಿ ಒಬ್ಬ ಗೋಡೆಗೆ ಒದೆಯುತ್ತ, ಎದ್ದು ಕೂರುತ್ತ, ಮತ್ತೆ ಉರುಳುತ್ತ, ಹೆತ್ತವಳನ್ನೂ ದೇವರನ್ನೂ ಒಟ್ಟಿಗೇ ಕರೆಯುತ್ತಿರುತ್ತಿದ್ದ. ಇನ್ನೊಬ್ಬ ಮೂಲೆಯ ಹಾಸಿಗೆಯಲ್ಲಿ ಮೊಣಕಾಲು ಮಡಿಸಿಕೊಂಡು, ಉಸಿರನ್ನೂ ಅಳೆದು ಬಿಡುತ್ತ ಸುಮ್ಮನೆ ಮಲಗಿರುತ್ತಿದ್ದ. ಹೊಸದಾಗಿ ಸೇರಿದ ನರ್ಸುಗಳೆಲ್ಲ ಕೂಗುವವನ ಕಡೆಗೆ ಓಡುತ್ತಿದ್ದೆವು. ಡಾಕ್ಟ್ರಮ್ಮ ಮೂಲೆಯವನ ಕಡೆಗೆ ನಡೆಯುತ್ತಿದ್ದರು.

“ಹೊರಳಾಡೋನು ಕಲ್ಲಿನೋನು. ಕಿಡ್ನೀಲಿ ಕಲ್ಲು ಜಾರಿರ್ತದೆ. ಅವನಿಗೆ ನೋವೂ ಜಾಸ್ತಿ, ಟೈಮೂ ಜಾಸ್ತಿ. ಒಂದು ಇಂಜೆಕ್ಷನ್ ಹಾಕು, ಬೈಕೊಂಡು ಮಲಗ್ತಾನೆ,” ಎಂದು ನನಗೆ ಹೇಳಿಕೊಟ್ಟಿದ್ದರು. “ಅಲುಗಾಡ್ದೆ ಬಿದ್ಕೊಂಡವ್ನಲ್ಲ, ಅವನ ಹೊಟ್ಟೇಲಿ ಏನೋ ಒಡ್ದೈತೆ. ಅಲುಗಿದ್ರೆ ಏನಾಗ್ತದೆ ಅಂತ ಅವನ ಮೈಗೆ ಗೊತ್ತು. ಅವನಿಗೆ ಟೈಮಿಲ್ಲ ಕಣೇ ಪದ್ಮಾ.”

ಗಡಿಯಾಚೆ ತಮಿಳುನಾಡಿಗೆ ಸೇರಿದ ಹೊಸೂರಿನ ಆ ಆಸ್ಪತ್ರೆಗೆ ನಾನು ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಗಿಡ್ಡನೆಯ ಹೆಂಗಸು, ಆಪರೇಷನ್ ಮೇಜಿನ ಎತ್ತರಕ್ಕೆ ನಿಲ್ಲಲು ಕಾಲಡಿಗೆ ಮರದ ಮಣೆ ಬೇಕಾಗುತ್ತಿತ್ತು. ಕೃಷ್ಣಗಿರಿ ಕಡೆಯ ಮಾವಿನ ತೋಪಿನ ಮನೆತನ. ಮನೆಮಾತು ತೆಲುಗು, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡವನ್ನು ರೋಗಿಗಳ ಬಾಯಿಂದಲೇ ಕಲಿತಿದ್ದರಿಂದ ಅದರಲ್ಲಿ ಪುಸ್ತಕದ ವಾಸನೆಯೇ ಇರಲಿಲ್ಲ. ಬಾಗಲೂರಿನ ಸಂತೆಯಲ್ಲಿ ಸೊಪ್ಪು ಮಾರುವವಳ ಹಾಗೆ ಮಾತಾಡುತ್ತಿದ್ದರು.

ಯಾರೇ ಬರಲಿ, ಅವರ ಮೊದಲ ಪ್ರಶ್ನೆ ಹೊಟ್ಟೆಯದ್ದಲ್ಲ. “ಮನೇಲಿ ಏನ್ ಮಾತಾಡ್ತೀರಾ?” ನಮ್ಮ ಕಡೆಯವರು ಆಸ್ಪತ್ರೆ, ಆಫೀಸು ಎಂದರೆ ಗೌರವಕ್ಕೆ ತಮಿಳಿಗೆ ತಿರುಗುತ್ತಾರೆ. ತಮಿಳಿನಲ್ಲಿ “ವಲಿಕ್ಕುದು”, ನೋಯುತ್ತದೆ, ಎಂದು ಒಂದೇ ಮಾತಲ್ಲಿ ಮುಗಿಸುವ ಮನುಷ್ಯ, ಕನ್ನಡಕ್ಕೆ ಬಂದರೆ ಹಿಂಡುತ್ತದೆ, ಸೆಳೆಯುತ್ತದೆ, ಉರಿಯುತ್ತದೆ, ಸೊಂಟದಿಂದ ತೊಡೆಸಂದಿಗೆ ಇಳಿಯುತ್ತದೆ ಎಂದು ಬಿಡಿಸಿ ಹೇಳುತ್ತಿದ್ದ. ಸೊಂಟದಿಂದ ಇಳಿಯುವುದು ಕಲ್ಲು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಸರಿದು ನಿಲ್ಲುವುದು ಅಪೆಂಡಿಕ್ಸ್. “ನೋವನ್ನ ಕಲಿತ ಮಾತಲ್ಲಿ ಹೇಳಿದ್ರೆ ಅರ್ಧ ಒಳಗೇ ಉಳ್ಕೊಂಡುಬಿಡ್ತದೆ,” ಎನ್ನುತ್ತಿದ್ದರು. ಸ್ಕ್ಯಾನಿಗೆ ಕಳಿಸುತ್ತಿರಲಿಲ್ಲವೆಂದಲ್ಲ. ಕಳಿಸುವ ಮೊದಲು ಅಲ್ಲಿ ಏನು ಕಾಣಬೇಕೆಂದು ಅವರಿಗೆ ಅಂದಾಜಿರುತ್ತಿತ್ತು. ಅಂದಾಜು ತಪ್ಪಿದ ದಿನ ಊಟದ ಡಬ್ಬಿ ಮುಚ್ಚಿಟ್ಟು ಮತ್ತೆ ಆ ರೋಗಿಯ ಹತ್ತಿರ ಹೋಗಿ ಕೂರುತ್ತಿದ್ದರು.

ಗಂಡಸರ ಮೂತ್ರದ ತೊಂದರೆಗಳೂ ಅವರ ಪಾಲಿಗೇ ಬರುತ್ತಿದ್ದವು. ಒಮ್ಮೆ ನಾಟ್ರಾಂಪಾಳ್ಯದಿಂದ ಒಬ್ಬ ಮುದುಕಪ್ಪ ಎರಡು ಬಸ್ಸು ಬದಲಿಸಿ ಬಂದ. ಹಿಂದಿನ ದಿನದಿಂದ ಉಚ್ಚೆ ಕಟ್ಟಿಹೋಗಿತ್ತು. ಹೊಕ್ಕುಳದವರೆಗೂ ಹೊಟ್ಟೆ ಸೋರೆಕಾಯಿಯ ಹಾಗೆ ಉಬ್ಬಿತ್ತು. ಡಾಕ್ಟ್ರಮ್ಮನನ್ನು ಕಂಡವನೇ ಪಂಚೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಗಂಡು ಡಾಕ್ಟ್ರು ಇಲ್ವಾ?”

“ಅವ್ರೆ ತಾತ. ಸೋಮವಾರ ಬತ್ತಾರೆ. ಅಲ್ಲೀಗಂಟ ತಡ್ಕತೀಯಾ?”

“ಹೆಂಗಸ್ರ ಮುಂದೆ ಪಂಚೆ ಬಿಚ್ಚಾಕಿಲ್ಲ ನಾನು.”

“ನಾನೆಲ್ಲಿ ಬಿಚ್ಚು ಅಂದೆ? ಹೋಗಿ ಟೀ ಕುಡ್ದು ಬತ್ತೀನಿ. ನೀನು ಯೋಚ್ನೆ ಮಾಡ್ತಿರು.”

ಅವರು ನಿಜಕ್ಕೂ ಹೊರಟುಹೋದರು. ಲೋಟ ಅರ್ಧವಾಗುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು: “ಏ ತಾಯೀ, ಆಯಮ್ಮನ್ನ ಕರಿಯೇ! ಟೀ ಆಮ್ಯಾಕೆ ಕುಡಿಯಾಕ್ ಹೇಳು!” ನಳಿಗೆ ಇಳಿದು ಚೀಲ ತುಂಬುತ್ತ ಬಂದಂತೆ ಮುದುಕಪ್ಪನ ಕಣ್ಣುಗಳು ತಾವಾಗಿ ಮುಚ್ಚಿದವು. “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವಾ,” ಎಂದ. “ಸದ್ಯಕ್ಕೆ ನಿನ್ನದು ತಣ್ಣಗಾಯ್ತಲ್ಲ, ಸಾಕು,” ಎಂದರು. ಅವನಿಗೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿತ್ತು. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ದುರ್ಬೀನು ಇಳಿಸಿ ಅದನ್ನು ಕೆರೆದು ತೆಗೆದರು. ಆಮೇಲೆ ಒಂದೆರಡು ದಿನ ಕೆಂಪಗೆ ಹೋಗುತ್ತದೆಂದು ಮೊದಲೇ ಹೇಳಿದ್ದರಿಂದ ಅವನು ಹೆದರಲಿಲ್ಲ.

ಮೊದಲೇ ಹೇಳುವುದು, ಇದ್ದದ್ದನ್ನೇ ಹೇಳುವುದು, ಇದರಲ್ಲಿ ಅವರು ಕಟುವಾಗಿದ್ದರು. ಆಪರೇಷನ್ ಮುಗಿಸಿ ಹೊರಬಂದರೆ ನಿಂತು ಮಾತಾಡುತ್ತಿರಲಿಲ್ಲ. ಮನೆಯವರು ಕೂತ ಬೆಂಚಿನಲ್ಲೇ ಜಾಗ ಮಾಡಿಸಿಕೊಂಡು ಕೂರುತ್ತಿದ್ದರು. “ಸೀರಿಯಸ್” ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. “ಸೀರಿಯಸ್ ಅಂದ್ರೆ ಜನ ದೇವಸ್ಥಾನಕ್ಕೆ ಓಡ್ತಾರೆ. ಸಾಯ್ತಾನೆ ಅಂದ್ರೆ ಅವನ ಪಕ್ಕ ಕೂತ್ಕೊತಾರೆ,” ಎನ್ನುತ್ತಿದ್ದರು.

ಇಲ್ಲಿ ನನ್ನ ಅವ್ವ ಮುನಿಯಮ್ಮನ ವಿಷಯ ಹೇಳಬೇಕು. ಬಾಗಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ಹೊಟ್ಟೆ ಉಜ್ಜುವವಳು. ಮಗು ಹಾಲು ಕಕ್ಕಿದರೆ, ದೊಡ್ಡವರಿಗೆ ಹೊಟ್ಟೆ ಹಿಡಿದುಕೊಂಡರೆ, “ಕರುಳು ಏರೈತೆ” ಎಂದು ಅವಳ ಹತ್ತಿರ ಕರೆತರುತ್ತಿದ್ದರು. ಅವ್ವ ಬೆಚ್ಚಗಿನ ಹರಳೆಣ್ಣೆ ಹಚ್ಚಿ, ಹೊಕ್ಕುಳಿನ ಸುತ್ತ ಹೆಬ್ಬೆರಳಿನಿಂದ ತೀಡಿ, ಏರಿದ ಕರುಳನ್ನು ಇಳಿಸುತ್ತಿದ್ದಳು. ಅವಳ ಅತ್ತೆ ಕಲಿಸಿದ ಕೆಲಸ. ಎಷ್ಟೋ ಮಕ್ಕಳು ಅವಳ ತೊಡೆಯ ಮೇಲೇ ಅಳು ನಿಲ್ಲಿಸಿ ನಿದ್ದೆ ಹೋಗಿದ್ದವು. ಮಗಳು ನರ್ಸಾದ ಮೇಲೂ ಜನ ಬರುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಡಾಕ್ಟ್ರಮ್ಮ ಎಂದಿನಂತೆ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಹಿಂದಿದ್ದೆ. ಆಗತಾನೆ ಕರೆತಂದ ಒಬ್ಬ ಯುವಕ ಮೊಣಕಾಲು ಮಡಿಸಿಕೊಂಡು ಅಲುಗದೆ ಮಲಗಿದ್ದ. ಅವನ ತುಟಿ ಒಣಗಿತ್ತು, ಕಣ್ಣು ಗುಳಿಬಿದ್ದಿತ್ತು. ಆ ಮುಖ ಯಾರದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ನನ್ನ ತಮ್ಮ ನಾಗೇಶ.

ಕಾರ್ಖಾನೆಯ ಪಾಳಿ ಮುಗಿಸಿ ಊರಿನ ಮನೆಗೆ ಬಂದವನಿಗೆ ಹೊಟ್ಟೆನೋವು ಬಂದಿತ್ತಂತೆ. ನಾನು ಆಗ ಆಸ್ಪತ್ರೆಯ ಹಾಸ್ಟೆಲಿನಲ್ಲಿದ್ದೆ. ಅಕ್ಕನಿಗೆ ಹೇಳಬೇಡ, ಅವಳು ಸೂಜಿ ಚುಚ್ಚಿಸುತ್ತಾಳೆ ಎಂದು ಅವ್ವನ ಬಾಯಿ ಕಟ್ಟಿದ್ದ. ಅವ್ವ ಅವನಿಗೆ ಹರಳೆಣ್ಣೆ ಕುಡಿಸಿದಳು, ಉಜ್ಜಿದಳು. ನೋವು ಇಳಿಯಲಿಲ್ಲ. ಮಾರನೆಯ ದಿನ ಮತ್ತೆ ಉಜ್ಜಿದಳು. ಆಮೇಲೆ ಒಮ್ಮೆಗೇ ನೋವು ಕಡಿಮೆಯಾಯಿತು ಎಂದ. ಅವ್ವ ದೇವರಿಗೆ ಕೈಮುಗಿದಳು. ಒಡೆದಾಗ ಹಾಗೇ ಆಗುತ್ತದೆ. ನೋವು ಸ್ವಲ್ಪ ಹೊತ್ತು ಬಿಡುವು ಕೊಡುತ್ತದೆ.

ಡಾಕ್ಟ್ರಮ್ಮ ಅವನ ಹೊಟ್ಟೆಯ ಮೇಲೆ ಅಂಗೈಯಿಟ್ಟರು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಕೈ ತೆಗೆದಾಗ ಅಂಗೈಗೆ ಎಣ್ಣೆ ಮೆತ್ತಿತ್ತು. ಅದನ್ನು ನೋಡಿದರು, ಗೋಡೆಗೆ ಒರಗಿ ನಿಂತಿದ್ದ ಅವ್ವನನ್ನು ನೋಡಿದರು, ಏನೂ ಕೇಳದೆ ಕೈ ಒರೆಸಿಕೊಂಡರು. ನಾನು ಥಿಯೇಟರಿಗೆ ಸಿದ್ಧಳಾಗಲು ಹೊರಟಾಗ ತಡೆದರು. “ಇವತ್ತು ನೀನು ನರ್ಸಲ್ಲ, ಅಕ್ಕ. ಅಮ್ಮನ ಪಕ್ಕ ಕೂತ್ಕೋ.”

ಹೊರಬಂದ ಮೇಲೆ ನನ್ನ ಮತ್ತು ಅವ್ವನ ನಡುವೆ ಕೂತರು. ಅಪೆಂಡಿಕ್ಸ್ ಒಡೆದು ಹೊಟ್ಟೆಯ ತುಂಬ ಕೀವು ಹರಡಿದೆ, ತೊಳೆದಿದ್ದೇನೆ, ನಳಿಗೆ ಬಿಟ್ಟಿದ್ದೇನೆ ಎಂದರು. “ಬದುಕಬೌದು ಅಮ್ಮಾ. ಸಾಯಲೂಬೌದು. ಉಚ್ಚೆ ಸರಿಯಾಗಿ ಬತ್ತಾ ಇದ್ರೆ ನನಗೆ ಧೈರ್ಯ.”

ಆಮೇಲೆ ನಾವು ಅವನ ಮುಖಕ್ಕಿಂತ ಮಂಚದ ಬದಿಗೆ ತೂಗುಬಿಟ್ಟ ಉಚ್ಚೆಯ ಚೀಲವನ್ನೇ ಹೆಚ್ಚು ನೋಡಿದೆವು. ಅವ್ವನಿಗೂ ಅದು ತಿಳಿದುಹೋಯಿತು. ಮೊದಲು ತಿಳಿಯಾಗಿ ಬಂತು. ಮಾರನೆಯ ದಿನ ಟೀ ಕಷಾಯದ ಬಣ್ಣಕ್ಕೆ ತಿರುಗಿತು. ಆಮೇಲೆ ಚೀಲದ ತಳದಲ್ಲಿ ಒಂದಿಷ್ಟು ನಿಂತಿತು, ಏರಲಿಲ್ಲ. ಕಿಡ್ನಿಯ ಕೆಲಸವನ್ನು ಡಯಾಲಿಸಿಸ್ ಯಂತ್ರಕ್ಕೆ ಒಪ್ಪಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟ್ರಮ್ಮ ಬಂದು ಚೀಲ ನೋಡಿದರು, ಅವ್ವನ ಪಕ್ಕ ಕೂತರು. “ಅಮ್ಮಾ, ಇವನು ಉಳಿಯಲ್ಲ. ಅವನ ಕೈ ಹಿಡ್ಕೊಂಡಿರು. ಮಾತಾಡು. ಕೇಳಿಸ್ತದೆ,” ಎಂದರು. ಅವ್ವ ಹಾಗೇ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ನಾಗೇಶ ಹೋದ.

ಶವ ತೆಗೆದುಕೊಂಡು ಹೋಗಲು ಗಾಡಿ ಬಂದು ನಿಂತಿತ್ತು. ಅವ್ವ ಏಳಲಿಲ್ಲ. ಡಾಕ್ಟ್ರಮ್ಮನ ಸೆರಗು ಹಿಡಿದುಕೊಂಡು ಕೇಳಿದಳು.

“ನಾನು ಉಜ್ಜಿದ್ದಕ್ಕೇ ಒಡೀತಾ?”

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಇಲ್ಲ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಡಾಕ್ಟ್ರಮ್ಮ ಅವಳ ಪಕ್ಕದಲ್ಲೇ ಕೂತರು.

“ಉಜ್ಜಿದ್ದಕ್ಕೆ ಒಡೆದಿರಬೌದು. ಉಜ್ಜದೇ ಇದ್ರೂ ಒಡೀತಿತ್ತೇನೋ. ಒಳಗೆ ಕೈಯಿಟ್ಟು ನೋಡಿದೋಳು ನಾನು, ನನಗೇ ಗೊತ್ತಾಗ್ಲಿಲ್ಲ. ಗೊತ್ತು ಅಂತ ಯಾರಾದ್ರೂ ಅಂದ್ರೆ ನಂಬಬೇಡ. ಆದ್ರೆ ಎಣ್ಣೆ ಕುಡ್ಸಿ ಉಜ್ಜಿದ್ದು ತಪ್ಪು ಕೆಲಸ. ಗೊತ್ತಿಲ್ದೆ ಮಾಡ್ದೆ.”

ಆ ಕೊನೆಯ ಮಾತಿಗಾಗಿ ನಾನು ಅವರ ಮೇಲೆ ಕೋಪಗೊಂಡೆ. ತಿಂಗಳುಗಟ್ಟಲೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಊರಿನಲ್ಲಿ ಅವ್ವ ಎಣ್ಣೆಯ ಬಟ್ಟಲನ್ನು ಹಿತ್ತಿಲಿಗೆ ಎಸೆದಳು. ಮಕ್ಕಳನ್ನು ಎತ್ತಿಕೊಂಡು ಬಂದವರನ್ನು ಹೊಸ್ತಿಲಿನಿಂದಲೇ ಕಳಿಸಿದಳು. ಊಟಕ್ಕೆ ಕೂತರೆ ತಟ್ಟೆಯ ಮುಂದೆ ತನ್ನ ಬಲಗೈಯನ್ನೇ ನೋಡುತ್ತ ಕೂತಿರುತ್ತಿದ್ದಳು. ಮಗ ಹೋಗಿದ್ದ, ಈಗ ಅವ್ವನೂ ಹೋಗುತ್ತಾಳೆಂದು ನನಗೆ ಅನ್ನಿಸತೊಡಗಿತು.

ಒಂದು ಭಾನುವಾರ ಮಧ್ಯಾಹ್ನ ಡಾಕ್ಟ್ರಮ್ಮ ಯಾರಿಗೂ ಹೇಳದೆ ನಮ್ಮ ಮನೆಗೆ ಬಂದರು. ನಾನು ಚಾಪೆ ಹಾಸಿದೆ. ಅವರು ಕೂರಲಿಲ್ಲ, ಅಂಗಾತ ಮಲಗಿಬಿಟ್ಟರು.

“ಬಾರಮ್ಮಾ. ನನ್ನ ಹೊಟ್ಟೆ ನೋಡು.”

“ನಾನು ಮುಟ್ಟಾಕಿಲ್ಲ,” ಎಂದಳು ಅವ್ವ. “ಮಗನ್ನ ತಿಂದ ಕೈ ಇದು.”

“ನಾನು ಕೊಯ್ದ ಹೊಟ್ಟೆಯೋರೆಲ್ಲ ಎದ್ದು ಮನೆಗೆ ಹೋಗವ್ರಾ? ನಿನ್ನ ಮಗ ಹೋದ್ನಾ? ನನ್ನ ಕೈಯನ್ನ ಎಲ್ಲಿಡ್ಲಿ ಹೇಳು.” ಮಲಗಿದಲ್ಲಿಂದಲೇ ಮಾತು ಮುಂದುವರಿಸಿದರು. “ನೀನು ಬಿಟ್ರೆ ಜನ ಬಿಡ್ತಾರಾ? ಪಕ್ಕದೂರಲ್ಲಿ ಇನ್ನೊಬ್ಳು ಉಜ್ತಾಳೆ. ಅವಳಿಗೆ ಗೊತ್ತಿಲ್ಲ. ನಿನಗೆ ಗೊತ್ತಾಗೈತೆ. ಬಾ.”

ಅವ್ವ ಬಂದು ಪಕ್ಕದಲ್ಲಿ ಕೂತಳು. ಡಾಕ್ಟ್ರಮ್ಮ ಅವಳ ಕೈ ಹಿಡಿದು ತಮ್ಮ ಹೊಟ್ಟೆಯ ಬಲಗಡೆ, ಸೊಂಟದ ಮೂಳೆಗೂ ಹೊಕ್ಕುಳಿಗೂ ನಡುವೆ ಇಟ್ಟುಕೊಂಡರು.

“ಇಲ್ಲಿ. ಮೊದ್ಲು ಕೆಮ್ಮು ಅನ್ನು. ಕೆಮ್ಮುವಾಗ ಇಲ್ಲಿ ಹಿಡ್ಕೊಂಡ್ರೆ ಮುಟ್ಟಬೇಡ. ಬಗ್ಗಿಕೊಂಡು, ಕಾಲು ಎಳ್ಕೊಂಡು ಬಂದ್ರೂ ಮುಟ್ಟಬೇಡ. ಎಣ್ಣೆ ಯಾರಿಗೂ ಕುಡಿಸ್ಬೇಡ. ನನ್ನ ಹೆಸರು ಹೇಳಿ ಕಳ್ಸು. ಎಷ್ಟೊತ್ತಿಗಾದ್ರೂ ಕಳ್ಸು.”

ಅವ್ವ ಅವರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಅತ್ತಳು. ಮಗ ಸತ್ತ ಮೇಲೆ ನಾನು ಅವಳ ಅಳು ಕೇಳಿದ್ದು ಅದೇ ಮೊದಲು. ಡಾಕ್ಟ್ರಮ್ಮ ಏಳಲಿಲ್ಲ, ಅವಳು ಮುಗಿಸುವ ತನಕ ಸೂರು ನೋಡುತ್ತ ಮಲಗಿದ್ದರು.

ಅಂದಿನಿಂದ ನಮ್ಮ ಕಡೆಯಿಂದ ರೋಗಿಗಳು ಬರತೊಡಗಿದರು. “ಮುನಿಯಮ್ಮ ಕಳಿಸವ್ಳೆ, ಪುಷ್ಪವೇಣಮ್ಮ ಬೇಕು,” ಎಂದು ಗೇಟಿನಲ್ಲಿ ಹೇಳುತ್ತಿದ್ದರು. ಕೆಲವರಿಗೆ ಏನೂ ಇರುತ್ತಿರಲಿಲ್ಲ. ಕೆಲವರನ್ನು ಅದೇ ದಿನ ಮೇಜಿನ ಮೇಲೆ ಮಲಗಿಸಬೇಕಾಗುತ್ತಿತ್ತು. ಅವರೆಲ್ಲ ನಡೆದುಕೊಂಡು ಮನೆಗೆ ಹೋದರು. ಅವ್ವ ಮಾತ್ರ ಬರಲಿಲ್ಲ. ಮಗ ಸತ್ತ ಕಟ್ಟಡದ ಬೀದಿಗೂ ಅವಳು ಕಾಲಿಡಲಿಲ್ಲ.

ಹೋದ ಮಾವಿನ ಕಾಲದಲ್ಲಿ ಡಾಕ್ಟ್ರಮ್ಮ ರಜೆ ಹಾಕಿ ಕೃಷ್ಣಗಿರಿಗೆ ಹೋದರು. ತೋಪಿನಲ್ಲಿ ಕಾಯಿ ಕೀಳಿಸುತ್ತ ನಿಂತವರು ಕುಸಿದರಂತೆ. ಹೃದಯಾಘಾತ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಸುದ್ದಿ ಹೇಳಿದಾಗ ಅವ್ವ ಒಲೆಯ ಮೇಲಿದ್ದ ಮುದ್ದೆಯನ್ನು ಕೋಲಿನಿಂದ ಕೂಡಿಸುತ್ತಿದ್ದಳು. ಕೂಡಿಸಿ ಮುಗಿಸಿ, ಇಳಿಸಿ, ಕೈ ತೊಳೆದುಕೊಂಡು ಹೊರಗೆ ಹೋಗಿ ಕೂತಳು.

ಕೆಲವು ವಾರಗಳ ಹಿಂದೆ, ನನಗೆ ಬಿಡುವಿದ್ದ ಒಂದು ದಿನ, ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಕಾರ್ಖಾನೆಯ ಹುಡುಗಿಯೊಬ್ಬಳನ್ನು ಅವಳ ಗೆಳತಿ ಕರೆತಂದಳು. ಹುಡುಗಿ ಬಗ್ಗಿಕೊಂಡು ಬಂದಳು. “ಕೆಮ್ಮು ಮಗಾ,” ಎಂದಳು ಅವ್ವ. ಕೆಮ್ಮಿದ ಹುಡುಗಿ ಬಲಗಡೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಅವ್ವ ಎದ್ದು ನಿಂತು, “ಈಗಲೇ ನಡೀರಿ, ಹೋಗಿ...” ಎಂದವಳು ನಿಲ್ಲಿಸಿದಳು. ನನ್ನ ಕಡೆ ತಿರುಗಿದಳು.

“ಈಗ ಯಾರ ಹೆಸ್ರು ಹೇಳಿ ಕಳಿಸ್ಲಿ ಪದ್ಮಾ?”

ಹೊಸ ಡಾಕ್ಟರ ಹೆಸರು ಹೇಳಿದೆ. ಒಳ್ಳೆಯವರು, ಕೈ ಚೆನ್ನಾಗಿದೆ ಎಂದೆ. ಅವ್ವ ಆ ಹೆಸರನ್ನು ಒಮ್ಮೆ ಅಂದು ನೋಡಿದಳು. ಅದು ಅವಳ ಬಾಯಿಗೆ ಬರಲಿಲ್ಲ.

“ಆಟೋ ಕರಿ,” ಎಂದಳು. “ನಾನೇ ಬತ್ತೀನಿ.”

ಆಸ್ಪತ್ರೆಯ ಮುಂದೆ ಆಟೋ ನಿಂತಾಗ ನಾನು ಮೊದಲು ಇಳಿದು ಅವ್ವನಿಗೆ ಕೈ ಚಾಚಿದೆ. ಅವಳು ಅದನ್ನು ನೋಡಲಿಲ್ಲ. ಹುಡುಗಿಯ ಸೊಂಟ ಬಳಸಿ ನಿಧಾನವಾಗಿ ಇಳಿಸಿಕೊಂಡು, ಅವಳ ಭಾರವನ್ನೆಲ್ಲ ತನ್ನ ಮೇಲೆ ತೆಗೆದುಕೊಂಡು, ದಾರಿ ಕೇಳದೆ ಒಳಗೆ ನಡೆದಳು.